ಗುಳಿ ಬಿದ್ದ ಕಣ್ಣು

'ಯಾಕಮ್ಮಾ, ಒಂದ್ ಕಣ್ಣು ಗುಳಿ ಬಿದ್ದಂಗೈತಲ್ಲ' ಎಂದು ಅಮ್ಮನಿಗೆ ಮೊದಲು ಹೇಳಿದ್ದು ಸೊಪ್ಪು ಮಾರುವಾಕೆ. ವಯಸ್ಸಾಯ್ತು, ಸೊರಗಿದ್ದಾಳೆ ಎಂದು ನಾವು ಸುಮ್ಮನಾದೆವು. ಕಣ್ಣು ಉಬ್ಬಿದ್ದರೆ ಅವತ್ತೇ ಆಸ್ಪತ್ರೆಗೆ ಓಡುತ್ತಿದ್ದೆವೇನೋ. ಗುಳಿಬಿದ್ದರೆ ಯಾರು ಹೆದರುತ್ತಾರೆ?

ಒಂದು ವಸ್ತು ಎರಡಾಗಿ ಕಾಣತೊಡಗಿದ ಮೇಲೆ ಕರೆದುಕೊಂಡು ಹೋದೆ. ಹಿಂದೆ ದೊಡ್ಡ ಕಾಯಿಲೆ, ಆಪರೇಷನ್ ಏನಾದರೂ ಆಗಿತ್ತಾ ಎಂದು ಡಾಕ್ಟರು ಕೇಳಿದರು. ಅಮ್ಮ ನನ್ನ ಮುಖ ನೋಡಿದಳು. 'ಬಿಪಿ ಬಿಟ್ಟರೆ ಏನಿಲ್ಲ ಸಾರ್' ಎಂದೆ.

ಸುಳ್ಳು. ವರ್ಷಗಳ ಹಿಂದೆ ಅಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆಗಿತ್ತು. ಆಗ ತಂಗಿಗೆ ಗಂಡು ನೋಡುತ್ತಿದ್ದೆವು. ಮನೆತನದಲ್ಲೇ ಕಾಯಿಲೆ ಇದೆ ಅಂದಾರು ಎಂದು ಬಾಯಿ ಕಟ್ಟಿಕೊಂಡೆವು. ಮದುವೆಯಾಗಿ ಮಕ್ಕಳಾದರೂ ಆ ಅಭ್ಯಾಸ ಹೋಗಲಿಲ್ಲ. ಡಾಕ್ಟರು ಕನ್ನಡಕ ಬದಲಿಸಿ ಕಳಿಸಿದರು. ಅವರ ತಪ್ಪೇನೂ ಇಲ್ಲ.

ಎಂಆರ್‌ಐ ಆದದ್ದು ತಿಂಗಳುಗಳ ನಂತರ, ಬೆಂಗಳೂರಿನಲ್ಲಿ. ಅಲ್ಲಿನ ಡಾಕ್ಟರಮ್ಮ ನನ್ನನ್ನು ಹೊರಗೆ ಕೂರಿಸಿ ಅಮ್ಮನನ್ನೇ ಕೇಳಿದರು. ಅಮ್ಮ ಎಲ್ಲವನ್ನೂ ಹೇಳಿಬಿಟ್ಟಳು.

ಆಮೇಲೆ ಆಕೆ ನನಗೆ ಬಿಡಿಸಿ ಹೇಳಿದರು. ಕ್ಯಾನ್ಸರ್ ಕಣ್ಣಿನ ಗೂಡಿಗೆ ಹರಡುವುದು ಅಪರೂಪ; ಬಂದರೆ ರಕ್ತದ ದಾರಿಯಲ್ಲಿ ಬರುತ್ತದೆ. ಹೆಂಗಸರಲ್ಲಿ ಹೆಚ್ಚಾಗಿ ಸ್ತನದಿಂದ, ಗಂಡಸರಲ್ಲಿ ಶ್ವಾಸಕೋಶ, ಪ್ರಾಸ್ಟೇಟ್‌ನಿಂದ. ಪುಟ್ಟ ಮಕ್ಕಳಲ್ಲಿ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುವ ನ್ಯೂರೋಬ್ಲಾಸ್ಟೋಮಾ ಇಲ್ಲಿಗೆ ಹಬ್ಬಿದರೆ, ಬಿದ್ದು ಪೆಟ್ಟು ಮಾಡಿಕೊಂಡಂತೆ ಕಣ್ಣಿನ ಸುತ್ತ ಕಪ್ಪುಗಟ್ಟುತ್ತದಂತೆ. ಸಾಮಾನ್ಯವಾಗಿ ಗಡ್ಡೆ ಕಣ್ಣುಗುಡ್ಡೆಯನ್ನು ಮುಂದಕ್ಕೆ ದೂಡುತ್ತದೆ. ಆದರೆ ಸ್ತನ ಕ್ಯಾನ್ಸರಿನಲ್ಲಿ ನಾರುನಾರಾಗಿ ಗಟ್ಟಿಯಾಗುವ ಒಂದು ಬಗೆಯಿದೆ. ಅದು ಒಣಗುವ ಚರ್ಮದ ಹಾಗೆ ಮುದುಡಿಕೊಳ್ಳುತ್ತ ಕಣ್ಣನ್ನು ಹಿಂದಕ್ಕೆ ಜಗ್ಗುತ್ತದೆ. ಮೊದಲ ಚಿಕಿತ್ಸೆ ಮುಗಿದು ಹತ್ತಾರು ವರ್ಷವಾದ ಮೇಲೂ ಹೀಗಾಗಬಹುದು. ಸ್ತನದ ಆಪರೇಷನ್ ಆದವಳ ಕಣ್ಣು ಗುಳಿ ಬಿದ್ದಿದೆ ಎಂದರೆ ಕಣ್ಣಿನ ಡಾಕ್ಟರಿಗೆ ಅದೇ ದೊಡ್ಡ ಸುಳಿವು. ಆ ಸುಳಿವನ್ನೇ ನಾನು ನುಂಗಿದ್ದೆ.

ಬಯಾಪ್ಸಿಯಲ್ಲಿ ಖಾತ್ರಿಯಾಯಿತು. ರೇಡಿಯೇಷನ್, ಹಾರ್ಮೋನ್ ಮಾತ್ರೆ ಶುರುವಾದವು. ಮೊದಲೇ ಹೇಳಿದ್ದರೆ ವಾಸಿಯಾಗುತ್ತಿತ್ತೇ ಎಂದು ಕೇಳಿದೆ. 'ಇಲ್ಲಿಯವರೆಗೆ ಹರಡಿದ್ದನ್ನು ಪೂರ್ತಿ ವಾಸಿ ಮಾಡೋಕಾಗಲ್ಲ, ಹತೋಟಿಯಲ್ಲಿ ಇಡಬಹುದು' ಎಂದರು. ಸ್ವಲ್ಪ ಸಮಾಧಾನವಾಯಿತು, ಆ ಸಮಾಧಾನಕ್ಕೇ ನಾಚಿಕೆಯೂ ಆಯಿತು. ಮೆಟ್ಟಿಲು ಎರಡೆರಡಾಗಿ ಕಂಡು ಅಮ್ಮ ಬಿದ್ದು ಮಣಿಕಟ್ಟು ಮುರಿದುಕೊಂಡದ್ದು ಆ ನಡುವಿನ ತಿಂಗಳುಗಳಲ್ಲೇ.

ತಂಗಿಯ ಅತ್ತೆಗೆ ಅಮ್ಮನೇ ಫೋನ್ ಮಾಡಿ ವಿಷಯ ಹೇಳಿದಳು. ಅವರಿಗೆ ಮದುವೆಗೆ ಮುಂಚೆಯೇ ಗೊತ್ತಿತ್ತಂತೆ.