ಕಲ್ಲಿನ ಬಾಯಿಗೆ ರಾಗಿ

ತುಮಕೂರಿನಿಂದ ಸಿರಾ ದಾರಿ ಹಿಡಿದರೆ ಸೀಬಿ ನರಸಿಂಹನ ಗುಡಿ ಹಿಂದೆ ಸರಿಯುತ್ತದೆ, ಬಯಲು ಅಗಲವಾಗುತ್ತದೆ. ಹೆದ್ದಾರಿ ಬಿಟ್ಟು ಕಳ್ಳಂಬೆಳ್ಳದ ಕೆರೆ ಏರಿ ಹತ್ತೋಣ ಬನ್ನಿ. ಮಳೆ ಮುನಿಸಿಕೊಳ್ಳುವ ಈ ಸೀಮೆಯಲ್ಲಿ, ಎಲ್ಲಿಯದೋ ಹೇಮಾವತಿ ಕಾಲುವೆ ಹಿಡಿದು ಬಂದು ಕಣ್ಣು ಕೋರೈಸುವಂತೆ ಹರಡಿದ್ದಾಳೆ! ಅಂಚಿನಲ್ಲಿ ಬೆಳ್ಳಕ್ಕಿ, ಆಚೆಗೆ ತೆಂಗು, ಅದರಾಚೆ ಕೆಮ್ಮಣ್ಣಿನ ಹೊಲ.

ಏರಿ ಇಳಿಯುತ್ತಲೇ ಟಣ್ ಟಣ್ ಸದ್ದು. ಹುಣಸೆ ಮರದಡಿ ಸಾಲಾಗಿ ಒರಳು, ರುಬ್ಬುಗುಂಡು, ಬೀಸುವ ಕಲ್ಲು. ಕಲ್ಲುಪುಡಿ ಮೆತ್ತಿ ರೆಪ್ಪೆಯೂ ಬೆಳ್ಳಗಾದ ಭೋವಿ ಹಿರಿಯರು ಒಂದು ಕಲ್ಲಿಗೆ ಸುತ್ತಿಗೆ ತಾಗಿಸಿ ಕಿವಿಗೊಡುತ್ತಾರೆ. "ಗಂಟೆ ಹೊಡ್ದಂಗೆ ಅಂದ್ರೆ ಗಟ್ಟಿ ಕಣಣ್ಣ. ಬೊದ್ ಅಂದ್ರೆ ಒಳಗೆ ಬಿರುಕೈತೆ." ಮಧುಗಿರಿ ಕಡೆಯ ಕಲ್ಲಂತೆ. ಆ ಬೆಟ್ಟಸಾಲಿನ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಅಷ್ಟು ಹಳೆಯ ನೆಲದ ತುಂಡು ನಮ್ಮ ಹಿಟ್ಟಿಗಾಗಿ ದುಂಡಗಾಗುತ್ತಿದೆ.

ಈ ಹಿರಿಯರದು ನನ್ನೊಡನೆ ಕನ್ನಡ, ಹೆಂಡತಿಯೊಡನೆ ತೆಲುಗು. ಕೆರೆ ತೋಡುತ್ತ, ಬಾವಿ ಕಟ್ಟುತ್ತ ಆಂಧ್ರದ ಕಡೆಯಿಂದ ಬಂದ ಮನೆತನ. ಊರು ಬಿಟ್ಟವರು ಅಡುಗೆಯ ಸಲಕರಣೆಯನ್ನೂ ಜೊತೆಗೊಯ್ಯುವುದುಂಟು. ಇಟಲಿಯ ಅಬ್ರುಝೋದವರು ಮರದ ಚೌಕಟ್ಟಿಗೆ ತಂತಿ ಬಿಗಿದು ಶಾವಿಗೆಯಂಥ ಎಳೆ ಕೊಯ್ಯುವ 'ಕಿತಾರಾ' ಮಾಡಿಕೊಂಡಿದ್ದಾರೆ. ವಲಸೆ ಹೋದವರ ಮನೆಗಳಲ್ಲಿ ಅಂಥದ್ದು ಅಜ್ಜಿಯಿಂದ ಮೊಮ್ಮಗಳ ಕೈಗೆ ಬರುತ್ತದೆ. ಮರವನ್ನೇನೋ ಹಡಗಿಗೆ ಹಾಕಬಹುದು. ಕಲ್ಲನ್ನು ಹೊರುವವರಾರು? ಇವರ ಹಿರಿಯರು ಹೊತ್ತು ತಂದದ್ದು ಉಳಿ, ಸುತ್ತಿಗೆ, ತಿದಿ. ಕಲ್ಲು ಹೋದ ಹೋದ ಊರಲ್ಲೇ ಸಿಕ್ಕಿತು. ಹಾಗೆ ಬೇರೆಯವರ ಅಡುಗೆಮನೆಗಳಲ್ಲೆಲ್ಲ ಇವರ ವಂಶದ ಗುರುತು ಉಳಿದುಬಿಟ್ಟಿದೆ. ನನಗಂತೂ ಕೋಟೆಯ ಶಾಸನಕ್ಕಿಂತ ಇದೇ ದೊಡ್ಡ ಚರಿತ್ರೆ.

ಪಕ್ಕದ ಬೀದಿಯ ಮನೆಯೊಂದರ ಪಡಸಾಲೆಯಲ್ಲಿ ಇವರ ಮನೆತನದವರ ಕೈಯ ಬೀಸುವ ಕಲ್ಲೊಂದು ಕೂತಿದೆ. ಮೈ ಸವೆದು ನುಣುಪು, ಗೂಟ ಎಣ್ಣೆಗಪ್ಪು. "ನಮ್ಮತ್ತೆ ಅವರತ್ತೆ ಕಾಲದ್ದು," ಎನ್ನುತ್ತಾರೆ ಮನೆಯ ಅಜ್ಜಿ. ಮದುವೆ ಬಂದರೆ ಇದಕ್ಕೂ ಅರಿಶಿನ ಕುಂಕುಮ. ಹಿಟ್ಟನ್ನು ಗಿರಣಿಯಲ್ಲಿ ಬೀಸಿಸಿದರೂ ಹುರುಳಿ ಒಡೆಯಲು, ಅವರೆಬೇಳೆಗೆ ಇದೇ ಬೇಕು. ಮುಳ್ಳು ಸವೆದರೆ ಹುಣಸೆಮರದಡಿಯ ಹಿರಿಯರೇ ಬಂದು ಉಳಿಯಿಂದ ಹೊಸ ಮುಳ್ಳು ಹಾಕುತ್ತಾರೆ; ಮೊದಲು ಅವರಪ್ಪ ಬರುತ್ತಿದ್ದರು.

ಅಜ್ಜಿ ಬೊಗಸೆ ರಾಗಿ ಕಲ್ಲಿನ ಬಾಯಿಗೆ ಸುರಿದು ಗೂಟ ನನ್ನತ್ತ ತಿರುಗಿಸುತ್ತಾರೆ. ಗರಗರ, ಗರಗರ. ಭಾರ ಅಂದುಕೊಂಡದ್ದು ಎರಡು ಸುತ್ತಿಗೆ ಹಗುರಾಗಿ ತಾನೇ ಓಡುತ್ತದೆ. ಸುತ್ತಲೂ ಬೂದುಗೆಂಪು ಹಿಟ್ಟು, ಹಸಿ ರಾಗಿಯ ಘಮ. "ಒಂದೇ ಸಲಕ್ಕೆ ಜಾಸ್ತಿ ಹಾಕ್ಬ್ಯಾಡ್ರಪ್ಪ, ತರಿ ಆಗ್ತೈತೆ," ಅನ್ನುತ್ತಲೇ ಒಳಗೆ ಕೂಗುತ್ತಾರೆ, "ಎಸರು ಇಡೇ, ಇವ್ರೂ ಉಣ್ಣಾಕಿರ್ತಾರೆ!"