ಗಂಧದ ಬಣ್ಣದ ಗೋಡೆ



ಕಳೆದ ಬೇಸಿಗೆಯಲ್ಲಿ ವಿಶಾಖಪಟ್ಟಣಕ್ಕೆ ಹೋಗಿದ್ದೆ. ಕಡಲು ನೋಡಲಿಕ್ಕಲ್ಲ, ಅಕ್ಕ ಮೂವತ್ತು ವರ್ಷ ಬಾಳಿದ ಮನೆಯನ್ನು ಖಾಲಿ ಮಾಡಿಸಲಿಕ್ಕೆ. ಭಾವನವರು ತೀರಿಕೊಂಡ ಮೇಲೆ ಮಗಳು ಅವಳನ್ನು ವಿಜಯವಾಡಕ್ಕೆ ಬರಹೇಳಿದ್ದಳು.

ಆ ಮನೆಯ ಗೋಡೆಗಳೆಲ್ಲ ಕೆನೆಬಣ್ಣ. ಕಡಲಿನ ಬೆಳಕಿಗೆ ಅಚ್ಚ ಬಿಳಿ ಕಣ್ಣು ಕುಕ್ಕುತ್ತದೆ, ಉಪ್ಪುಗಾಳಿಯ ಕಲೆ ಅದರ ಮೇಲೆ ಬೇಗ ಎದ್ದು ಕಾಣುತ್ತದೆ ಎಂದು ಭಾವ ಹೇಳುತ್ತಿದ್ದರು. 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ಬಡಿದಾಗ ಕಿಟಕಿಯಿಂದ ನೀರು ನುಗ್ಗಿ ನಡುಮನೆಯ ಗೋಡೆ ಹಾಳಾಯಿತು. ಅದು ಪೂರಾ ಒಣಗುವ ತನಕ ಕಾದು, ಮತ್ತೆ ಅದೇ ಬಣ್ಣ ಹೊಡೆಸಿದ್ದರು.

ಹೊರಡುವ ಮುನ್ನ ಸಿಂಹಾಚಲಕ್ಕೆ ಹೋದೆವು. ಅಲ್ಲಿ ವರಾಹ ಲಕ್ಷ್ಮೀನರಸಿಂಹ ವರ್ಷವಿಡೀ ಗಂಧದ ಲೇಪದೊಳಗೇ ಇರುತ್ತಾನೆ. ನಿಜರೂಪ ದರ್ಶನ ಅಕ್ಷಯ ತೃತೀಯದ ದಿನ ಮಾತ್ರ. ಕಳಿಂಗದ ದಂಡಯಾತ್ರೆಗೆ ಬಂದ ಕೃಷ್ಣದೇವರಾಯ 1516ರಲ್ಲಿ ಇಲ್ಲಿ ಕಾಣಿಕೆ ಅರ್ಪಿಸಿದ್ದನ್ನು ಶಾಸನ ಹೇಳುತ್ತದೆ. ನಮ್ಮವರಿಗೆ ಈ ದಾರಿ ಹಳೆಯದು.

ರೈಲಿನಲ್ಲಿ ಗೋದಾವರಿ ದಾಟಿ ವಿಜಯವಾಡ ತಲುಪಿದೆವು. ಇಲ್ಲಿ ಕಡಲಿಲ್ಲ, ಕೃಷ್ಣಾ ನದಿ, ಪ್ರಕಾಶಂ ಬ್ಯಾರೇಜು, ಇಂದ್ರಕೀಲಾದ್ರಿಯ ಮೇಲೆ ಕನಕದುರ್ಗೆ. ಜೊತೆಗೆ ಬಂಡೆಯೂ ಕಾಯುವ ಬಿಸಿಲು. ತೆಲುಗಿನಲ್ಲೇ ಬೆಳೆದ ಅಕ್ಕನ ಮಗಳಿಗೆ ಬೂದು-ಬಿಳಿ ಗೋಡೆ ಬೇಕಿತ್ತು. ಅಕ್ಕ ಏನೂ ಹೇಳಲಿಲ್ಲ. ಆ ಮೌನ ನೋಡಿ ಹುಡುಗಿಯೇ ಅಂಗಡಿಯ ಕಾರ್ಡು ತಂದು ಕೆನೆಬಣ್ಣ ಆರಿಸಿದಳು.

ಮೊದಲ ಕೋಟು ಹೊಡೆದಾಗ ಪಡುವಣ ಕೋಣೆ ನಿಂಬೆಹಣ್ಣಿನ ಹಾಗೆ ಹಳದಿಯಾಯಿತು! ಕಾರ್ಡಿನ ಚೂರಿನಲ್ಲಿ ತೆಳ್ಳಗೆ ಕಂಡ ಬಣ್ಣ ನಾಲ್ಕು ಗೋಡೆಗೆ ಹರಡಿದಾಗ ಗಾಢವಾಗುತ್ತದೆ. ಸಂಜೆಯ ಬಿಸಿಲು ಅದನ್ನು ಇನ್ನೂ ಏರಿಸುತ್ತದೆ. ಅಕ್ಕನಿಗೆ ಅಳುವೇ ಬಂತು. "ನಮ್ಮ ಮನೆ ಹೀಗಿರಲಿಲ್ಲ ಕಣೇ" ಎಂದಳು.

ಮೇಸ್ತ್ರಿಗೆ ಹೇಗೆ ವಿವರಿಸುವುದು? ಅಕ್ಕ ಅಂಗೈ ಮೇಲೆ ಗಂಧ ತೇಯುವಂತೆ ಮಾಡಿ ತೋರಿಸಿದಳು. ಆತ ನಕ್ಕು, "ಗಂಧಂ ರಂಗಾ, ಅಮ್ಮಾ?" ಎಂದ. ಎರಡೂ ನುಡಿಗೆ ಒಂದೇ ಮಾತು! ಬಿಳಿಗೆ ಒಂದಿಷ್ಟು ಹಳದಿ ಮಣ್ಣಿನ ಬಣ್ಣ, ಒಂದು ಹನಿ ಕೆಂಪು ಬೆರೆಸಿದ. ನಮ್ಮ ಹಳ್ಳಿಗಳಲ್ಲಿ ಸುಣ್ಣಕ್ಕೆ ಹಳದಿ ಮಣ್ಣು ಕಲಸುತ್ತಿದ್ದುದೂ ಇದೇ ಲೆಕ್ಕ. ಎರಡು ಗೋಡೆಗಳ ಮೇಲೆ ಚಾಪೆಯಗಲ ಬಳಿದು, ಬೆಳಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ ಒಪ್ಪಿದೆವು.

ಗೋಡೆ ಒಣಗುವಷ್ಟರಲ್ಲಿ ಕೊಂಡಪಲ್ಲಿಗೆ ಹೋಗಿ ಬೊಂಬೆ ಕೊಂಡೆವು. ಅಲ್ಲಿ ಹಗುರ ಮರದ ಬೊಂಬೆಗೆ ಮೊದಲು ಸುಣ್ಣದ ಲೇಪ ಕೊಟ್ಟು ಆಮೇಲೆ ಬಣ್ಣ ಬರೆಯುತ್ತಾರೆ. ನಮ್ಮ ಚನ್ನಪಟ್ಟಣದಲ್ಲಾದರೆ ಚರಕಿಯ ಮೇಲೆ ತಿರುಗುವಾಗಲೇ ಅರಗಿನ ಬಣ್ಣ ಹಚ್ಚುತ್ತಾರೆ.

ಕೊನೆಯ ದಿನ ಅಕ್ಕ ಭಾವನವರ ಪಟ ಹಾಕಿದಳು. ಮಗಳು ಮೆಲ್ಲಗೆ, ಕನ್ನಡದಲ್ಲೇ, "ಅಮ್ಮ, ಗಂಧದ ಬಣ್ಣ ಚೆನ್ನಾಗಿದೆ" ಎಂದಳು.

ನಿಮ್ಮ ಕೋಣೆಗೂ ಒಂದು ದಿನ ಬಣ್ಣ ಹೊಡೆಸುತ್ತೀರಿ. ಮೊದಲು ಮೂರು ಹೊತ್ತಿನ ಬೆಳಕಿನಲ್ಲಿ ನೋಡಿ. ಆಮೇಲೆ ಆ ಬಣ್ಣಕ್ಕೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಅಮ್ಮನನ್ನೋ ಅಜ್ಜಿಯನ್ನೋ ಒಮ್ಮೆ ಕೇಳಿ.