ವೈನ್ 'ಡ್ರೈ' ಆಗೋದು ಹೇಗೆ?

ನಮ್ಮ ರೂಮಿನಲ್ಲಿ ನಾವು ಮೂರು ಜನ. ಮೂವರೂ ಇಂಗ್ಲಿಷ್ ಮೀಡಿಯಂ, ಕಾಗುಣಿತ ತಪ್ಪಿದ್ರೆ ಕ್ಲಬ್ಬಿನ ಸೀನಿಯರ್‌ಗಳು ತಿದ್ದಲಿ. ಮೂವರೂ ವೈನ್ ಕುಡಿದವರಲ್ಲ. ಆದರೂ ಹೋದ ಸೆಮಿಸ್ಟರ್ ಪೂರ್ತಿ ಒಂದು ಇಟಾಲಿಯನ್ ವೈನ್ ಬಗ್ಗೆ ತಲೆ ಕೆಡಿಸಿಕೊಂಡಿದ್ದೆವು.

ಎಲ್ಲಾ ಶುರುವಾಗಿದ್ದು ಒಂದು ಫೋಟೊದಿಂದ. ನಮ್ಮಲ್ಲೊಬ್ಬನ ಅಕ್ಕ ಇಟಲಿಯ ಅಂಕೋನಾದಲ್ಲಿ ಮಾಸ್ಟರ್ಸ್ ಓದುತ್ತಿದ್ದಾರೆ. ಅದು ಏಡ್ರಿಯಾಟಿಕ್ ಸಮುದ್ರದ ಬಂದರು ಊರು. ಕ್ಲಾಸ್‌ಮೇಟ್ ಮನೆಯಲ್ಲಿ ಊಟಕ್ಕೆ ಕರೆದಿದ್ದರಂತೆ. ಟೇಬಲ್ ಮೇಲೆ ದೊಡ್ಡ ಪಾತ್ರೆ, ಬ್ರೆಡ್ಡು, ಪಕ್ಕದಲ್ಲಿ ಹಳೇ ಗ್ರೀಕ್ ಹೂಜಿಯ ಹಾಗೆ ಸೊಂಟ ಸಣ್ಣಗಿರುವ ಹಸಿರು ಬಾಟಲಿ. "ಅದು ವೆರ್ದಿಕ್ಕಿಯೊ ಕಣ್ರೋ, ಡ್ರೈ ವೈಟ್ ವೈನ್" ಅಂದ್ರು ಅಕ್ಕ.

ಡ್ರೈ ಅಂದ್ರೆ? ನೀರಿನಂಥ ಪದಾರ್ಥ ಒಣಗೋದು ಹೇಗೆ? ಇಟಾಲಿಯನ್‌ನಲ್ಲೂ 'ಸೆಕ್ಕೊ' ಅಂತಾರೆ, ಅದರ ಅರ್ಥವೂ ಒಣಗಿದ್ದು ಅಂತಲೇ. ಕೊನೆಗೆ ಉತ್ತರ ಸಿಕ್ಕಿದ್ದು ಕೆಮಿಸ್ಟ್ರಿಯಲ್ಲಿ. ಯೀಸ್ಟ್ ದ್ರಾಕ್ಷಿರಸದ ಸಕ್ಕರೆಯನ್ನು ತಿಂದು ಎಥನಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತೆ. ಹೆಚ್ಚುಕಮ್ಮಿ ಎಲ್ಲಾ ಸಕ್ಕರೆ ಖಾಲಿಯಾದ್ರೆ ಅದು ಡ್ರೈ. ಸಾಮಾನ್ಯವಾಗಿ ಲೀಟರಿಗೆ 4 ಗ್ರಾಂ ಒಳಗೆ. ನಮ್ಮ ಮೆಸ್ ಟೀ ಈ ಟೆಸ್ಟಿನಲ್ಲಿ ಫೇಲ್.

ವೆರ್ದಿಕ್ಕಿಯೊ ಅನ್ನೋದು ದ್ರಾಕ್ಷಿಯ ಹೆಸರು ಕೂಡ. 'ವೆರ್ದೆ' ಅಂದ್ರೆ ಹಸಿರು. ಹಣ್ಣಿಗೂ ವೈನಿಗೂ ಸ್ವಲ್ಪ ಹಸಿರು ಛಾಯೆ ಇರುತ್ತೆ. ಬೆಳೆಯೋದು ಮಾರ್ಕೆ ಪ್ರಾಂತ್ಯದಲ್ಲಿ, ಮುಖ್ಯವಾಗಿ ಯೇಸಿ ಊರಿನ ಸುತ್ತಲಿನ ಗುಡ್ಡಗಳಲ್ಲಿ, ಇನ್ನೂ ಒಳನಾಡಿನ ಮತೇಲಿಕಾ ಕಣಿವೆಯಲ್ಲಿ. ಗುಣ ಎರಡು: ಚುರುಕು ಹುಳಿ, ಕೊನೆಯಲ್ಲಿ ಬಾದಾಮಿ ಸಿಪ್ಪೆಯಂಥ ಸಣ್ಣ ಕಹಿ.

ಊಟದ ಲೆಕ್ಕವೆಲ್ಲ ಆ ಹುಳಿಯ ಮೇಲೇ ನಿಂತಿದೆ. ಅಂಕೋನಾದ 'ಬ್ರೊದೆತ್ತೊ' ಹಲವು ಜಾತಿ ಮೀನಿನ ಸಾರು, ಸಂಪ್ರದಾಯದ ಪ್ರಕಾರ 13. ಅದರಲ್ಲಿ ಟೊಮೇಟೊ, ವಿನೆಗರ್ ಇರುತ್ತೆ. ಸಾರಿಗಿಂತ ವೈನಿನ ಹುಳಿ ಕಮ್ಮಿಯಾದ್ರೆ ವೈನ್ ಸಪ್ಪೆ ಅನ್ನಿಸುತ್ತಂತೆ. ಮಾಂಸ ತುಂಬಿ ಎಣ್ಣೆಯಲ್ಲಿ ಕರಿದ ಅಸ್ಕೊಲಿಯ ಆಲಿವ್‌ಗೂ ಇದೇ ಜೋಡಿ. ನಾಲಿಗೆಯ ಜಿಡ್ಡನ್ನು ಹುಳಿ ತೊಳೆಯುತ್ತೆ. ಮೀನು ಫ್ರೈಗೆ ನಿಂಬೆ ಹಿಂಡೋರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಷ್ಟೆಲ್ಲಾ ಓದಿ, ಮುಂದಿನ ಭಾನುವಾರ ವಿಡಿಯೊ ಕಾಲ್‌ನಲ್ಲಿ "ಹೇಗಿತ್ತಕ್ಕಾ ಟೇಸ್ಟು?" ಅಂತ ಕೇಳಿದೆವು. ಅಕ್ಕ ಮಾತಾಡಲಿಲ್ಲ. ನಮ್ಮ ಗೆಳೆಯ ಎದ್ದು ಹೊರಗೆ ಹೋದ. ಫೋಟೊ ಮತ್ತೆ ನೋಡಿದಾಗ ಗೊತ್ತಾಯ್ತು, ಅಕ್ಕನ ಮುಂದೆ ಇದ್ದದ್ದು ನೀರಿನ ಲೋಟ. ಅವರಪ್ಪ ಕುಡಿದು ಕುಡಿದೇ ಹೋದವರು. ಅವರ ಮನೆಯಲ್ಲಿ ಬಾಟಲಿ ಅಂದ್ರೆ ಬೀರುವಿನ ಹಿಂದೆ ಬಚ್ಚಿಡೋದು, ರಾತ್ರಿ ಅಮ್ಮ ಬಾಗಿಲ ಹತ್ತಿರ ಕಾಯೋದು. ಒಂದೇ ರೂಮಿನಲ್ಲಿ ಒಂದೂವರೆ ವರ್ಷ ಮಲಗಿದ್ರೂ ನಮಗೆ ಗೊತ್ತಿರಲಿಲ್ಲ. (ಇದನ್ನೆಲ್ಲ ಇಬ್ಬರ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇವೆ.)

ಅಕ್ಕನೇ ಆಮೇಲೆ ವಾಯ್ಸ್ ಮೆಸೇಜ್ ಹಾಕಿದ್ರು. ಆ ಪಾತ್ರೆಯಲ್ಲಿ ಇದ್ದದ್ದು 'ಸ್ತೊಕ್ಕಫಿಸ್ಸೊ'. ನಾರ್ವೆಯಲ್ಲಿ ಉಪ್ಪು ಹಾಕದೆ ಗಾಳಿಗೆ ಒಣಗಿಸಿದ ಕಾಡ್ ಮೀನು, ಆಲೂಗಡ್ಡೆ, ಟೊಮೇಟೊ, ತುಂಬಾ ಆಲಿವ್ ಎಣ್ಣೆ. ಅಕ್ಕ ಎರಡು ತಟ್ಟೆ ತಿಂದ ಮೇಲೆ ಕ್ಲಾಸ್‌ಮೇಟ್‌ನ ಅಜ್ಜಿ ಹೇಳಿದ್ರಂತೆ, ಬೇಯಿಸಿದ್ದು ಅದೇ ವೆರ್ದಿಕ್ಕಿಯೊದಲ್ಲಿ ಅಂತ.

"ಸಿಟ್ಟು ಬರಬೇಕಿತ್ತು, ಬರಲಿಲ್ಲ ಕಣ್ರೋ. ಅಪ್ಪನ ವಾಸನೆ ಅದರಲ್ಲಿ ಇರಲಿಲ್ಲ. ಮನೆಯವರೆಲ್ಲ ಒಟ್ಟಿಗೆ ಕೂತು ಉಣ್ತಿದ್ರು. ಅಜ್ಜಿ ಅರ್ಧ ಲೋಟ ಕುಡಿದು ಬಾಟಲಿಗೆ ಬಿರಡೆ ಹಾಕಿಟ್ರು."

ಅಮ್ಮನಿಗೆ ಹೇಳೋದಾ ಬೇಡವಾ ಅಂತ ಅಕ್ಕ ತಮ್ಮ ಇಬ್ಬರೂ ಒಂದು ವಾರ ಒದ್ದಾಡಿದ್ರು. ಕೊನೆಗೆ ಅಕ್ಕ ಹೇಳಿಯೇಬಿಟ್ರು, ವೈನ್ ಸಮೇತ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ದು ಇಷ್ಟೇ: "ಅಲ್ಲೂ ಒಣಮೀನು ಸಿಗುತ್ತೇನೇ?"